ವೈರಸ್ ತನ್ನ ಬರಹವನ್ನು ಎಲ್ಲಿಟ್ಟುಕೊಳ್ಳುತ್ತದೆ?

ಲಿವರ್ ತೊಂದರೆ ಇರುವವರ ಲ್ಯಾಬ್ ರಿಪೋರ್ಟನ್ನು ನೀವು ನೋಡಿರಬಹುದು. ಒಬ್ಬರ ಹಾಳೆಯಲ್ಲಿ ‘ಎಚ್‌ಬಿವಿ ಡಿಎನ್‌ಎ’ ಎಂದಿರುತ್ತದೆ. ಇನ್ನೊಬ್ಬರದರಲ್ಲಿ ‘ಎಚ್‌ಸಿವಿ ಆರ್‌ಎನ್‌ಎ’ ಎಂದಿರುತ್ತದೆ. ಮೊದಲನೆಯದು ಹೆಪಟೈಟಿಸ್ ಬಿ, ಎರಡನೆಯದು ಹೆಪಟೈಟಿಸ್ ಸಿ. ಎರಡೂ ರಕ್ತದ ಮೂಲಕ ಹರಡುತ್ತವೆ. ಎರಡೂ ಲಿವರನ್ನೇ ಹಿಡಿಯುತ್ತವೆ. ಎರಡೂ ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರುತ್ತವೆ. ಆದರೆ ಸಿ ಬಂದವರಿಗೆ ಡಾಕ್ಟರು ಸಾಮಾನ್ಯವಾಗಿ 12 ವಾರ ಮಾತ್ರೆ ಕೊಟ್ಟು, ಮತ್ತೊಂದು ಪರೀಕ್ಷೆ ಮಾಡಿಸಿ, ‘ವಾಸಿಯಾಯಿತು ಹೋಗಿ’ ಎನ್ನುತ್ತಾರೆ. ಬಿ ಬಂದು ಮಾತ್ರೆ ಶುರುವಾದವರಿಗೆ ‘ನೀವಾಗಿ ನಿಲ್ಲಿಸಬೇಡಿ’ ಎನ್ನುತ್ತಾರೆ. ಎಷ್ಟು ವರ್ಷ ಎಂದು ಕೇಳಿದರೆ ನೇರ ಉತ್ತರ ಸಿಗುವುದಿಲ್ಲ. ಇದೇಕೆ ಹೀಗೆ?

ಉತ್ತರ ಇರುವುದು ವೈರಸ್ ತನ್ನ ಆನುವಂಶಿಕ ಬರಹವನ್ನು ಇಟ್ಟುಕೊಳ್ಳುವ ರೀತಿಯಲ್ಲಿ. ಆ ಬರಹ ಯಾವುದರಲ್ಲಿದೆ, ನಮ್ಮ ಮೈಯೊಳಗೆ ಬಂದ ಮೇಲೆ ಅದು ಎಲ್ಲಿ ಹೋಗಿ ಕೂರುತ್ತದೆ ಎಂಬ ಎರಡು ಸಂಗತಿ ಗೊತ್ತಾದರೆ, ಯಾವ ಪರೀಕ್ಷೆ ಯಾವಾಗ ಮಾಡಿಸಬೇಕು, ಔಷಧಿ ಎಷ್ಟು ದಿನ, ಫ್ಲೂ ಲಸಿಕೆ ಪ್ರತಿ ವರ್ಷ ಏಕೆ ಎಂಬ ಪ್ರಶ್ನೆಗಳಿಗೆಲ್ಲ ದಾರಿ ಸಿಗುತ್ತದೆ.

ಒಳಗಿರುವುದು ಏನು?

ವೈರಸ್ಸಿನ ರಚನೆ ಸರಳ. ಹೊರಗೆ ಪ್ರೋಟೀನಿನ ಚಿಪ್ಪು. ಇದಕ್ಕೆ ಕ್ಯಾಪ್ಸಿಡ್ ಎನ್ನುತ್ತಾರೆ. ಒಳಗೆ ಆನುವಂಶಿಕ ದ್ರವ್ಯ, ಅಂದರೆ ‘ನನ್ನಂಥದ್ದನ್ನೇ ಇನ್ನಷ್ಟು ಹೀಗೆ ಮಾಡು’ ಎಂಬ ಸೂಚನೆ. ಕೆಲವಕ್ಕೆ ಚಿಪ್ಪಿನ ಮೇಲೆ ಕೊಬ್ಬಿನ ತೆಳು ಹೊದಿಕೆಯೂ ಉಂಟು. ಸೋಪು ಕರಗಿಸುವುದು ಈ ಹೊದಿಕೆಯನ್ನು. ನಾಯಿ ಕಚ್ಚಿದ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ ಎನ್ನುವುದರ ಹಿಂದೆ ಇದೂ ಒಂದು ಕಾರಣ. ರೇಬಿಸ್ ವೈರಸ್ಸಿಗೆ ಇಂಥ ಹೊದಿಕೆ ಇದೆ. ತೊಳೆದ ಮೇಲೆ ಇಂಜೆಕ್ಷನ್ ಬೇಡ ಎಂದಲ್ಲ, ಅದು ಬೇಕೇ ಬೇಕು.

ಈಗ ಸೂಚನೆಯ ವಿಷಯ. ನಮ್ಮ ಜೀವಕೋಶಗಳಲ್ಲಿ ಅದು ಡಿಎನ್‌ಎ ಎಂಬ ಉದ್ದನೆಯ ಅಣುವಿನಲ್ಲಿದೆ. ನಾಲ್ಕು ಬಗೆಯ ರಾಸಾಯನಿಕ ಘಟಕಗಳು ಸಾಲಾಗಿ ಸೇರಿ ಆಗಿರುವ ಅಣು ಅದು. ಈ ಘಟಕಗಳನ್ನು ವಿಜ್ಞಾನಿಗಳು ಅಕ್ಷರಗಳೆಂದೇ ಎಣಿಸುತ್ತಾರೆ. ಡಿಎನ್‌ಎಯಲ್ಲಿ ಎರಡು ಎಳೆ. ಒಂದರಲ್ಲಿ ಪೆಟ್ಟಾದರೆ ಇನ್ನೊಂದನ್ನು ನೋಡಿ ಕೋಶ ಸರಿಪಡಿಸಿಕೊಳ್ಳುತ್ತದೆ. ಪ್ರೋಟೀನ್ ಬೇಕಾದಾಗ ಬೇಕಾದಷ್ಟು ತುಣುಕನ್ನು ಆರ್‌ಎನ್‌ಎ ಎಂಬ ಇನ್ನೊಂದು ಅಣುವಿಗೆ ನಕಲು ಮಾಡಿಕೊಳ್ಳುತ್ತದೆ. ಇದು ಸಾಮಾನ್ಯವಾಗಿ ಒಂಟಿ ಎಳೆ, ಬೇಗ ಒಡೆದುಹೋಗುವಂಥದ್ದು. ಕೆಲಸ ಮುಗಿದ ಮೇಲೆ ಅದಿಲ್ಲ. ಎಲ್ಲ ಪ್ರಾಣಿ, ಎಲ್ಲ ಗಿಡ, ಎಲ್ಲ ಬ್ಯಾಕ್ಟೀರಿಯಾ ಈ ಕ್ರಮಕ್ಕೆ ಬದ್ಧ.

ವೈರಸ್‌ಗಳು ಮಾತ್ರ ಈ ಕ್ರಮಕ್ಕೆ ಸೊಪ್ಪು ಹಾಕುವುದಿಲ್ಲ. ಮನೆಮಂದಿ ‘ಅಮ್ಮ’ ಎನ್ನುವ ಚಿಕನ್‌ಪಾಕ್ಸಿನ ವೈರಸ್ ನಮ್ಮ ಹಾಗೆ ಎರಡೆಳೆಯ ಡಿಎನ್‌ಎ ಇಟ್ಟುಕೊಂಡಿದೆ. ಮಕ್ಕಳಿಗೆ ಭೇದಿ ತರುವ ರೋಟಾವೈರಸ್ಸಿನಲ್ಲಿ ಎರಡೆಳೆಯ ಆರ್‌ಎನ್‌ಎ. ಟೊಮೆಟೊ ಎಲೆ ಮುದುಡು ರೋಗದ ವೈರಸ್ಸಿನಲ್ಲಿ ಒಂಟಿ ಎಳೆಯ ಡಿಎನ್‌ಎ, ಅದೂ ಬಳೆಯಂತೆ ತುದಿಗೆ ತುದಿ ಸೇರಿಕೊಂಡದ್ದು. ಡೆಂಗಿ, ಪೋಲಿಯೊ, ಕೊರೊನಾ, ನಮ್ಮ ಮಲೆನಾಡಿನ ಮಂಗನ ಕಾಯಿಲೆ ಇವೆಲ್ಲ ಒಂಟಿ ಎಳೆಯ ಆರ್‌ಎನ್‌ಎ. ಹೆಪಟೈಟಿಸ್ ಬಿ ಎಲ್ಲಕ್ಕಿಂತ ವಿಚಿತ್ರ. ಅದರ ಡಿಎನ್‌ಎ ಬಳೆಯಲ್ಲಿ ಒಂದು ಎಳೆ ಪೂರ್ತಿ ಇದೆ, ಇನ್ನೊಂದು ಅರ್ಧಕ್ಕೇ ನಿಂತಿರುತ್ತದೆ. ಉಳಿದರ್ಧವನ್ನು ನಮ್ಮ ಲಿವರಿನ ಕೋಶವೇ ತುಂಬಿಕೊಡುತ್ತದೆ. ಆ ಕಥೆ ಮುಂದೆ ಬರುತ್ತದೆ.

ಉದ್ದ ಎಷ್ಟು ಎಂದು ಕೇಳುವವರಿಗೆ ಕೆಲವು ಅಂಕಿಗಳು. ಮನುಷ್ಯನ ಡಿಎನ್‌ಎಯಲ್ಲಿ 300 ಕೋಟಿಗೂ ಹೆಚ್ಚು ಅಕ್ಷರಗಳಿವೆ. ಹೆಪಟೈಟಿಸ್ ಬಿಯಲ್ಲಿ ಸುಮಾರು 3,200. ಪೋಲಿಯೊ ಸುಮಾರು 7,500, ರೇಬಿಸ್ ಸುಮಾರು 12,000, ಕೋವಿಡ್ ತಂದ ಕೊರೊನಾ ಸುಮಾರು 30,000, ಚಿಕನ್‌ಪಾಕ್ಸ್ ಸುಮಾರು 1,25,000. ಇದಕ್ಕೂ ದೊಡ್ಡವು ಇವೆ. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಒಂದು ಕೂಲಿಂಗ್ ಟವರಿನ ನೀರಿನಲ್ಲಿ 1992ರಲ್ಲಿ ಸಿಕ್ಕ ಒಂದು ಜೀವಿಯನ್ನು ಹತ್ತು ವರ್ಷ ಬ್ಯಾಕ್ಟೀರಿಯಾ ಎಂದೇ ತಿಳಿದಿದ್ದರು. ಅದು ವೈರಸ್ ಎಂದು 2003ರಲ್ಲಿ ಗೊತ್ತಾಯಿತು. ಮಿಮಿವೈರಸ್ ಎಂದು ಹೆಸರಿಟ್ಟರು. ಅದರಲ್ಲಿ ಸುಮಾರು 12 ಲಕ್ಷ ಅಕ್ಷರಗಳಿವೆ.

ಮೂರು ಸಾವಿರ ಅಕ್ಷರದಲ್ಲಿ ಒಂದು ಕಾಯಿಲೆ ಹೇಗೆ ಹಿಡಿಸುತ್ತದೆ ಎಂಬ ಅನುಮಾನ ಬರುವುದು ಸಹಜ. ಹೆಪಟೈಟಿಸ್ ಬಿ ಒಂದೇ ಸಾಲನ್ನು ಎರಡು ಸಲ ಬಳಸಿಕೊಳ್ಳುತ್ತದೆ. ಕೋಶವು ಈ ಬರಹವನ್ನು ಮೂರು ಮೂರು ಅಕ್ಷರ ಸೇರಿಸಿ ಓದುತ್ತದೆ. ಒಂದು ಅಕ್ಷರ ಆಚೆಯಿಂದ ಓದಲು ತೊಡಗಿದರೆ ಬೇರೆಯೇ ಪ್ರೋಟೀನ್ ಹುಟ್ಟುತ್ತದೆ. ಈ ವೈರಸ್ಸಿನ ಅರ್ಧಕ್ಕೂ ಹೆಚ್ಚು ಬರಹ ಹೀಗೆ ಎರಡು ಪ್ರೋಟೀನುಗಳಿಗೆ ದುಡಿಯುತ್ತದೆ. ಒಂದಕ್ಷರವೂ ದಂಡವಾಗಿಲ್ಲ. ಇಂಥ ಒಂದರ ಮೇಲೊಂದು ಓದು ಇದೆ ಎಂಬುದು ಮೊದಲು ಕಂಡದ್ದು ಬ್ಯಾಕ್ಟೀರಿಯಾಗಳನ್ನು ತಿನ್ನುವ ಫೈ ಎಕ್ಸ್ 174 ಎಂಬ ವೈರಸ್ಸಿನಲ್ಲಿ. 1977ರಲ್ಲಿ ಫ್ರೆಡರಿಕ್ ಸ್ಯಾಂಗರ್ ಅವರ ತಂಡ ಅದರ 5,386 ಅಕ್ಷರಗಳನ್ನು ಪೂರ್ತಿ ಓದಿ ಮುಗಿಸಿತ್ತು.

ಚಿಪ್ಪಿನೊಳಗೆ ತುಂಬುವುದು ಹೇಗೆ?

ಇದಕ್ಕೆ ಮುಖ್ಯವಾಗಿ ಎರಡು ದಾರಿ. ಮೊದಲನೆಯದರಲ್ಲಿ ಬರಹ ಮೊದಲು, ಚಿಪ್ಪು ಆಮೇಲೆ. ತಂಬಾಕು ಗಿಡದ ಎಲೆಯಲ್ಲಿ ಮಚ್ಚೆ ತರುವ ಟೊಬ್ಯಾಕೊ ಮೊಸಾಯಿಕ್ ವೈರಸ್ ಇದಕ್ಕೆ ಹಳೆಯ ಉದಾಹರಣೆ. ಅದರ ಆರ್‌ಎನ್‌ಎಯಲ್ಲಿ ಸುಮಾರು 6,400 ಅಕ್ಷರಗಳಿವೆ. ಅದರ ಸುತ್ತ ಒಂದೇ ಬಗೆಯ ಪ್ರೋಟೀನಿನ ಸುಮಾರು 2,130 ತುಣುಕುಗಳು ಸುರುಳಿಯಾಗಿ ಕೂರುತ್ತವೆ. ಕೊನೆಗೆ ಒಂದು ಕಡ್ಡಿಯ ಆಕಾರ ಬರುತ್ತದೆ. ಉದ್ದ 300 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿನ ಮೂರು ಸಾವಿರದ ಒಂದು ಪಾಲಿಗೂ ಕಡಿಮೆ. ಅಮೆರಿಕದ ಬರ್ಕ್‌ಲಿಯಲ್ಲಿ 1955ರಲ್ಲಿ ಹೈನ್ಜ್ ಫ್ರೆಂಕೆಲ್-ಕಾನ್ರಾಟ್ ಮತ್ತು ರಾಬ್ಲಿ ವಿಲಿಯಮ್ಸ್ ಈ ವೈರಸ್ಸಿನ ಆರ್‌ಎನ್‌ಎ ಮತ್ತು ಪ್ರೋಟೀನನ್ನು ಬೇರೆ ಬೇರೆ ಮಾಡಿ, ಮತ್ತೆ ಒಂದೇ ಕೊಳವೆಯಲ್ಲಿ ಬೆರೆಸಿದರು. ಹೊರಗಿನ ಕೈ ತಾಗದೆ ಅವು ತಾವಾಗಿ ಜೋಡಿಕೊಂಡು ರೋಗ ತರಬಲ್ಲ ವೈರಸ್ ಆದವು. ಅದರ ಮರುವರ್ಷ ಇನ್ನೊಂದು ಸಂಗತಿ ಖಚಿತವಾಯಿತು: ಚಿಪ್ಪಿಲ್ಲದ ಬರಿಯ ಆರ್‌ಎನ್‌ಎ ಸವರಿದರೂ ಗಿಡಕ್ಕೆ ರೋಗ ಬರುತ್ತದೆ. ರೋಗದ ಸೂಚನೆ ಇರುವುದು ಚಿಪ್ಪಿನಲ್ಲಲ್ಲ, ಒಳಗಿನ ಎಳೆಯಲ್ಲಿ.

ಕೊರೊನಾ, ರೇಬಿಸ್, ಫ್ಲೂ ಕೂಡ ಹೆಚ್ಚುಕಡಿಮೆ ಇದೇ ದಾರಿ ಹಿಡಿಯುತ್ತವೆ. ಅವುಗಳ ಆರ್‌ಎನ್‌ಎ ಬರಿಮೈಯಲ್ಲಿ ಇರುವುದಿಲ್ಲ. ಉದ್ದಕ್ಕೂ ಪ್ರೋಟೀನುಗಳು ಅಂಟಿಕೊಂಡು ಅದನ್ನು ಸುತ್ತಿ ಮಡಿಸಿ ಇಟ್ಟಿರುತ್ತವೆ.

ಎರಡನೆಯ ದಾರಿಯಲ್ಲಿ ಮೊದಲು ಖಾಲಿ ಚಿಪ್ಪು ತಯಾರಾಗುತ್ತದೆ. ಅದಕ್ಕೆ ಒಂದೇ ಬಾಗಿಲು. ಆ ಬಾಗಿಲಲ್ಲಿ ಪ್ರೋಟೀನಿನಿಂದಲೇ ಆದ ಒಂದು ಪುಟ್ಟ ಮೋಟರು ಕೂತು ಡಿಎನ್‌ಎಯನ್ನು ಒಳಕ್ಕೆ ಎಳೆದೆಳೆದು ತುಂಬುತ್ತದೆ. ಬ್ಯಾಕ್ಟೀರಿಯಾಗಳಿಗೆ ತಗಲುವ ಫೈ 29 ಎಂಬ ವೈರಸ್ಸಿನ ಮೋಟರನ್ನು 2001ರಲ್ಲಿ ಅಳೆದು ನೋಡಿದ್ದಾರೆ. ಅದು ತುಂಬುವ ಡಿಎನ್‌ಎ, ಚಿಪ್ಪಿನ ಉದ್ದಕ್ಕಿಂತ ನೂರು ಪಟ್ಟಿಗೂ ಹೆಚ್ಚು ಉದ್ದ. ಕೊನೆಕೊನೆಗೆ ಒಳಗಿನ ಒತ್ತಡ ನಾವಿರುವ ಗಾಳಿಯ ಒತ್ತಡದ ಸುಮಾರು 60 ಪಟ್ಟು ಏರುತ್ತದೆ. ಇಷ್ಟು ಬಿಗಿಯಾಗಿ ತುಂಬುವುದರಿಂದ ಲಾಭವೂ ಇದೆ. ಹೊಸ ಬ್ಯಾಕ್ಟೀರಿಯಾಕ್ಕೆ ಅಂಟಿಕೊಂಡು ಬಾಗಿಲು ತೆರೆದ ಕೂಡಲೇ ಆ ಒತ್ತಡವೇ ಡಿಎನ್‌ಎಯನ್ನು ಒಳಕ್ಕೆ ದೂಡತೊಡಗುತ್ತದೆ. ನಮ್ಮ ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ಮತ್ತು ಅದರ ದಾಯಾದಿಯಾದ ಚಿಕನ್‌ಪಾಕ್ಸ್ ಕೂಡ ಇಂಥ ಮೋಟರಿನ ಕುಲಕ್ಕೇ ಸೇರಿದವು.

ಎಲ್ಲ ವೈರಸ್‌ಗಳೂ ಬರಹವನ್ನು ಒಂದೇ ಉದ್ದನೆಯ ಎಳೆಯಲ್ಲಿ ಇಡುವುದಿಲ್ಲ. ಫ್ಲೂ ವೈರಸ್ಸಿನ ಆರ್‌ಎನ್‌ಎ 8 ತುಂಡುಗಳಲ್ಲಿದೆ, ರೋಟಾವೈರಸ್ಸಿನದು 11. ಹೊಸ ಬಗೆಯ ಫ್ಲೂ ಹಠಾತ್ತನೆ ಹುಟ್ಟುವುದಕ್ಕೆ ಈ ತುಂಡುಗಳು ದೊಡ್ಡ ಕಾರಣ. ಒಂದೇ ಹಂದಿಗೆ ಎರಡು ಬಗೆಯ ಫ್ಲೂ ಒಟ್ಟಿಗೆ ತಗಲಿದರೆ ಇದರ ನಾಲ್ಕು ತುಂಡು, ಅದರ ನಾಲ್ಕು ತುಂಡು ಸೇರಿಕೊಂಡು ಮೂರನೆಯದೊಂದು ಹುಟ್ಟಬಹುದು. 2009ರಲ್ಲಿ ಲೋಕವೆಲ್ಲ ಹರಡಿದ ಎಚ್1ಎನ್1 ಹುಟ್ಟಿದ್ದು ಹೀಗೆಯೇ. ಅದರೊಳಗೆ ಹಂದಿ, ಹಕ್ಕಿ, ಮನುಷ್ಯರ ಫ್ಲೂಗಳಿಂದ ಬಂದ ತುಂಡುಗಳಿದ್ದವು.

ಬಾಳೆ ಬೆಳೆಗಾರರಿಗೆ ಗೊತ್ತಿರುವ ‘ಬಂಚಿ ಟಾಪ್’ ವೈರಸ್ ಇನ್ನೂ ಒಂದು ಹೆಜ್ಜೆ ಮುಂದೆ. ಎಲೆಗಳು ಸಣ್ಣಗಾಗಿ ತುದಿಯಲ್ಲಿ ಗೊಂಚಲಾಗಿ ನಿಲ್ಲುವ ರೋಗ ಇದು. ಇದರ ಬರಹ ಆರು ಡಿಎನ್‌ಎ ಬಳೆಗಳಲ್ಲಿದೆ, ಒಂದೊಂದರಲ್ಲೂ ಸಾವಿರ ಚಿಲ್ಲರೆ ಅಕ್ಷರ. ಆರೂ ಬೇರೆ ಬೇರೆ ಚಿಪ್ಪುಗಳಲ್ಲಿ ಓಡಾಡುತ್ತವೆ! ಗಿಡಹೇನು ಒಂದು ಗಿಡದಿಂದ ಇನ್ನೊಂದಕ್ಕೆ ಇವನ್ನೆಲ್ಲ ಸಾಗಿಸಬೇಕು. ಇಷ್ಟು ಎಡವಟ್ಟಾದ ವ್ಯವಸ್ಥೆ ಉಳಿದು ಬಂದದ್ದು ಹೇಗೆ ಎಂದು ನನಗೆ ಇವತ್ತಿಗೂ ಆಶ್ಚರ್ಯ. ಬೆಳೆಗಾರರಿಗೆ ಹೇಳಬೇಕಾದ್ದು ಇಷ್ಟೇ: ಇದಕ್ಕೆ ಔಷಧಿ ಇಲ್ಲ. ರೋಗದ ಬುಡವನ್ನು ಗೆಡ್ಡೆ ಸಮೇತ ಕಿತ್ತು ನಾಶ ಮಾಡಬೇಕು. ಕಂದನ್ನು ರೋಗದ ತೋಟದಿಂದ ತರಬಾರದು. ಅಂಗಾಂಶ ಕೃಷಿಯ ಸಸಿ ಕೊಳ್ಳುವಾಗ ವೈರಸ್ ಪರೀಕ್ಷೆ ಆದ ಸಸಿಯೇ ಎಂದು ಕೇಳಿ ತೆಗೆದುಕೊಳ್ಳಿ.

ಕೋಶದೊಳಗೆ ಬಂದ ಮೇಲೆ

ಬರಹ ಯಾವುದರಲ್ಲೇ ಇರಲಿ, ಕೊನೆಗೆ ನಮ್ಮ ಕೋಶ ಓದಬಲ್ಲ ಆರ್‌ಎನ್‌ಎ ಆಗಲೇಬೇಕು. ಇಲ್ಲದಿದ್ದರೆ ಪ್ರೋಟೀನ್ ಇಲ್ಲ, ಹೊಸ ವೈರಸ್ಸೂ ಇಲ್ಲ. ಅಲ್ಲಿಗೆ ಯಾವ ಯಾವ ದಾರಿಯಲ್ಲಿ ಮುಟ್ಟುತ್ತವೆ ಎಂಬುದನ್ನೇ ಆಧಾರವಾಗಿಟ್ಟು ಡೇವಿಡ್ ಬಾಲ್ಟಿಮೋರ್ 1971ರಲ್ಲಿ ವೈರಸ್‌ಗಳನ್ನು ಆರು ಗುಂಪು ಮಾಡಿದರು. ಹೆಪಟೈಟಿಸ್ ಬಿಗಾಗಿ ಏಳನೆಯದು ಆಮೇಲೆ ಸೇರಿತು. ಏಳನ್ನೂ ಬಾಯಿಪಾಠ ಮಾಡುವುದು ಪರೀಕ್ಷೆ ಬರೆಯುವವರಿಗಿರಲಿ. ನಮಗೆ ಮೂರು ಸಾಕು.

ಪೋಲಿಯೊ, ಡೆಂಗಿ, ಮಂಗನ ಕಾಯಿಲೆ, ಕೊರೊನಾಗಳ ಆರ್‌ಎನ್‌ಎಯನ್ನು ಕೋಶ ನೇರವಾಗಿ ಓದಿಬಿಡುತ್ತದೆ. ಹಾಗಾಗಿ ಬರಿಯ ಆರ್‌ಎನ್‌ಎ ಒಳಹೊಕ್ಕರೂ ಸಾಕು. ಅಮೆರಿಕದಲ್ಲಿ ಎಕಾರ್ಡ್ ವಿಮ್ಮರ್ ಮತ್ತು ಸಂಗಡಿಗರು 2002ರಲ್ಲಿ ಪೋಲಿಯೊ ವೈರಸ್ಸಿನ ಅಕ್ಷರಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ರಾಸಾಯನಿಕಗಳಿಂದಲೇ ಅದನ್ನು ಕಟ್ಟಿ ಜೀವಂತ ವೈರಸ್ ಪಡೆದರು. ಕಂಪ್ಯೂಟರಿನಲ್ಲಿರುವ ಬರಹ ಸಾಕು, ಮಾದರಿ ವೈರಸ್ ಬೇಡ ಎಂದು ತೋರಿಸಿದ ಆ ಕೆಲಸ ಬೆರಗಿನ ಜೊತೆ ಹೆದರಿಕೆಯನ್ನೂ ಹುಟ್ಟಿಸಿತು.

ರೇಬಿಸ್ ಮತ್ತು ಫ್ಲೂಗಳದು ತದ್ವಿರುದ್ಧ. ಅವುಗಳ ಆರ್‌ಎನ್‌ಎ ಕೋಶಕ್ಕೆ ಓದಲು ಬಾರದ ಉಲ್ಟಾ ಪ್ರತಿ. ಅದಕ್ಕೇ ಅವು ಚಿಪ್ಪಿನೊಳಗೆ ಬರಹದ ಜೊತೆ ನಕಲು ಮಾಡುವ ಕಿಣ್ವವನ್ನೂ ಕಟ್ಟಿಕೊಂಡೇ ಬರುತ್ತವೆ. ಮೂರನೆಯದು ಎಚ್‌ಐವಿ. ಇದರ ಚಿಪ್ಪಿನಲ್ಲಿರುವುದು ಆರ್‌ಎನ್‌ಎ, ಸುಮಾರು 9,700 ಅಕ್ಷರಗಳದ್ದು, ಎರಡು ಪ್ರತಿ. ಕೋಶದೊಳಗೆ ಬಂದ ಮೇಲೆ ಅದು ಹಿಂದುಮುಂದಾಗಿ ಆರ್‌ಎನ್‌ಎಯಿಂದ ಡಿಎನ್‌ಎ ಮಾಡಿಕೊಳ್ಳುತ್ತದೆ. ಈ ಕೆಲಸ ಮಾಡುವ ಕಿಣ್ವದ ಹೆಸರು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ಇಂಥ ವೈರಸ್‌ಗಳಲ್ಲಿ 1970ರಲ್ಲಿ ಅದನ್ನು ಬಾಲ್ಟಿಮೋರ್ ಮತ್ತು ಹೊವರ್ಡ್ ಟೆಮಿನ್ ಬೇರೆ ಬೇರೆಯಾಗಿ ಕಂಡುಹಿಡಿದರು. ಅದರ ನೊಬೆಲ್ ಬಂದದ್ದು 1975ರಲ್ಲಿ. ಕೋವಿಡ್ ಕಾಲದಲ್ಲಿ ನಾವೆಲ್ಲ ಮಾಡಿಸಿಕೊಂಡ ಆರ್‌ಟಿ-ಪಿಸಿಆರ್ ಪರೀಕ್ಷೆಯ ‘ಆರ್‌ಟಿ’ ಈ ಕಿಣ್ವದ ಕೆಲಸವೇ.

ಮೂಲ ಪ್ರತಿ ಎಲ್ಲಿದೆ?

ಮೊದಲಿನ ಪ್ರಶ್ನೆಗೆ ಈಗ ಬರೋಣ. ಹೆಪಟೈಟಿಸ್ ಸಿ ಆರ್‌ಎನ್‌ಎ ವೈರಸ್. ಅದು ಲಿವರಿನ ಕೋಶದಲ್ಲಿ ಸದಾ ನಕಲು ಮಾಡಿಕೊಳ್ಳುತ್ತಲೇ ಬದುಕಬೇಕು. ಎಲ್ಲಿಯೂ ಡಿಎನ್‌ಎ ಆಗಿ ಕೂರುವುದಿಲ್ಲ, ನಮ್ಮ ಡಿಎನ್‌ಎ ಇರುವ ಕೋಶದ ಕೇಂದ್ರಕ್ಕೆ ಹೋಗುವುದೂ ಇಲ್ಲ. ಹೆಪಟೈಟಿಸ್ ಬಿ ಹಾಗಲ್ಲ. ಅದರ ಅರೆಬರೆ ಬಳೆ ಲಿವರ್ ಕೋಶದ ಕೇಂದ್ರದೊಳಕ್ಕೆ ಹೋಗುತ್ತದೆ. ಅಲ್ಲಿ ನಮ್ಮ ಕೋಶದ ರಿಪೇರಿ ವ್ಯವಸ್ಥೆ, ಇದು ನಮ್ಮದೇ ಹಾಳಾದ ಡಿಎನ್‌ಎ ಎಂಬಂತೆ ಖಾಲಿ ಬಿಟ್ಟ ಅರ್ಧವನ್ನು ತುಂಬಿ ಪೂರ್ತಿ ಮಾಡುತ್ತದೆ. ಆ ಪೂರ್ಣ ಬಳೆಗೆ ಸಿಸಿಸಿ ಡಿಎನ್‌ಎ ಎಂಬ ಹೆಸರಿದೆ. ಅದು ನಮ್ಮ ಡಿಎನ್‌ಎಯ ಪಕ್ಕದಲ್ಲೇ ವರ್ಷಗಟ್ಟಲೆ ಉಳಿಯುತ್ತದೆ.

ಜಮೀನಿನ ಕಾಗದದ ವ್ಯವಹಾರ ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಹೆಪಟೈಟಿಸ್ ಸಿ ಬರಿಯ ಜೆರಾಕ್ಸ್ ಮೇಲೆ ಜೆರಾಕ್ಸ್ ತೆಗೆದುಕೊಂಡು ಓಡಾಡುವ ಆಸಾಮಿ. ಯಂತ್ರ ನಿಲ್ಲಿಸಿ, ಇದ್ದ ಹಾಳೆಗಳನ್ನು ಹರಿದರೆ ಅವನ ಕಥೆ ಮುಗಿಯಿತು. ಹೆಪಟೈಟಿಸ್ ಬಿ ಮೂಲ ಪ್ರತಿಯನ್ನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇಟ್ಟುಬಿಟ್ಟಿದೆ. ಹೊರಗಿನ ನಕಲುಗಳನ್ನು ಎಷ್ಟು ಹರಿದರೂ ಇನ್ನೊಂದು ತೆಗೆಸಬಹುದು. ಎಚ್‌ಐವಿ ಇನ್ನೂ ಚಾಲಾಕಿ. ಅದು ತನ್ನ ಪುಟವನ್ನು ನಮ್ಮದೇ ದಫ್ತರಿನ ನಡುವೆ ಸೇರಿಸಿ ಹೊಲಿದುಬಿಡುತ್ತದೆ. ಕೋಶ ಎರಡಾದಾಗ ಆ ಪುಟವೂ ಎರಡಾಗುತ್ತದೆ.

ಹೀಗಾಗಿ ಸೊಫೊಸ್‌ಬುವಿರ್, ಡಕ್ಲಟಾಸ್ವಿರ್ ಮಾತ್ರೆಗಳು ಹೆಪಟೈಟಿಸ್ ಸಿಯ ನಕಲು ಕೆಲಸವನ್ನು 12 ವಾರ ತಡೆದರೆ ನೂರಕ್ಕೆ 95ರ ಆಸುಪಾಸು ಮಂದಿಯಲ್ಲಿ ವೈರಸ್ ಪೂರ್ತಿ ಹೋಗುತ್ತದೆ. ಲಿವರ್ ತೀರಾ ಕೆಟ್ಟಿದ್ದರೆ ಅವಧಿ ಹೆಚ್ಚಾಗಬಹುದು. ಹೆಪಟೈಟಿಸ್ ಬಿಗೆ ಕೊಡುವ ಟೆನೊಫೊವಿರ್, ಎಂಟೆಕವಿರ್ ಕೂಡ ನಕಲನ್ನೇ ತಡೆಯುತ್ತವೆ, ಬಹಳ ಚೆನ್ನಾಗಿ ತಡೆಯುತ್ತವೆ. ಆದರೆ ಕೇಂದ್ರದಲ್ಲಿರುವ ಬಳೆಯನ್ನು ಅವು ಮುಟ್ಟುವುದಿಲ್ಲ. ‘ರಿಪೋರ್ಟಿನಲ್ಲಿ ವೈರಸ್ ಇಲ್ಲ ಎಂದು ಬಂತಲ್ಲ’ ಎಂದು ಮಾತ್ರೆ ಬಿಟ್ಟವರಲ್ಲಿ ಕೆಲವರಿಗೆ ಕಾಯಿಲೆ ಜೋರಾಗಿ ಮರುಕಳಿಸುವುದು ಇದರಿಂದ. ಇನ್ನೊಂದು ಎಚ್ಚರ: ಹಿಂದೆಂದೋ ಹೆಪಟೈಟಿಸ್ ಬಿ ಬಂದು ಹೋಗಿದ್ದವರಲ್ಲೂ ಆ ಬಳೆ ಉಳಿದಿರಬಹುದು. ಕ್ಯಾನ್ಸರ್ ಕೀಮೊ ಅಥವಾ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಶುರುಮಾಡುವ ಮೊದಲು ಈ ವಿಷಯವನ್ನು ಡಾಕ್ಟರಿಗೆ ಹೇಳಲೇಬೇಕು.

ಜಾಂಡೀಸಿಗೆ ನಾಟಿ ಔಷಧಿ ಕುಡಿದು ವಾಸಿಯಾಯಿತು ಎನ್ನುವವರಿಗೂ ಒಂದು ಮಾತು. ಕಣ್ಣಿನ ಹಳದಿ ಹೋದರೆ ವೈರಸ್ ಹೋಯಿತು ಎಂದಲ್ಲ. ನೀರಿನಿಂದ ಬರುವ ಹೆಪಟೈಟಿಸ್ ಎ ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ, ಹೆಸರು ಮಾತ್ರ ಔಷಧಿಗೆ ಬರುತ್ತದೆ. ಬಿ ಇದ್ದರೆ ಅದು ರಕ್ತ ಪರೀಕ್ಷೆಯಲ್ಲೇ ಗೊತ್ತಾಗಬೇಕು.

ಎಚ್‌ಐವಿ ರಿಪೋರ್ಟಿನಲ್ಲಿ ಬರುವ ‘ವೈರಲ್ ಲೋಡ್’ ರಕ್ತದಲ್ಲಿ ತಿರುಗಾಡುವ ವೈರಸ್‌ಗಳ ಆರ್‌ಎನ್‌ಎ ಎಣಿಕೆ. ಮಾತ್ರೆ ಸರಿಯಾಗಿ ತೆಗೆದುಕೊಂಡರೆ ಅದು ಪತ್ತೆಯಾಗದ ಮಟ್ಟಕ್ಕೆ ಇಳಿಯುತ್ತದೆ. ಆ ಮಟ್ಟದಲ್ಲೇ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಇನ್ನೊಬ್ಬರಿಗೆ ಹರಡುವುದಿಲ್ಲ. ಆದರೆ ಕೋಶಗಳ ಡಿಎನ್‌ಎಯಲ್ಲಿ ಸೇರಿಕೊಂಡ ಪ್ರತಿಯನ್ನು ಈ ಪರೀಕ್ಷೆ ಎಣಿಸುವುದೇ ಇಲ್ಲ. ಅದಕ್ಕಾಗಿಯೇ ಮಾತ್ರೆ ಜೀವನಪೂರ್ತಿ. ಇಂಥ ವೈರಸ್‌ಗಳು ನಮ್ಮ ಪೂರ್ವಜರನ್ನೂ ಬಿಟ್ಟಿಲ್ಲ. ಮನುಷ್ಯರ ಡಿಎನ್‌ಎಯ ಸುಮಾರು ಶೇ 8ರಷ್ಟು ಭಾಗ ಲಕ್ಷಾಂತರ, ಕೋಟ್ಯಂತರ ವರ್ಷಗಳ ಹಿಂದೆ ಹೀಗೆ ಸೇರಿಕೊಂಡ ವೈರಸ್‌ಗಳ ಪಳೆಯುಳಿಕೆ. ಗರ್ಭದಲ್ಲಿ ಮಾಸು ಬೆಳೆಯಲು ಬೇಕಾದ ಸಿನ್ಸಿಟಿನ್ ಎಂಬ ಪ್ರೋಟೀನಿನ ಸೂಚನೆ ಅಂಥದ್ದೊಂದು ವೈರಸ್ಸಿನಿಂದಲೇ ನಮಗೆ ಸಿಕ್ಕಿದ್ದು.

ಇನ್ನು ಸರ್ಪಸುತ್ತು. ಚಿಕನ್‌ಪಾಕ್ಸ್ ವಾಸಿಯಾದ ಮೇಲೆ ಅದರ ಡಿಎನ್‌ಎ ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಮಲಗಿರುತ್ತದೆ. ನಮ್ಮ ಡಿಎನ್‌ಎ ಜೊತೆ ಸೇರದೆ, ಪ್ರತ್ಯೇಕ ಬಳೆಯಾಗಿ. ವಯಸ್ಸಾಗಿ ಶಕ್ತಿ ತಗ್ಗಿದಾಗ ಯಾವುದೋ ಒಂದು ನರಗಂಟಿನಲ್ಲಿ ಎದ್ದು, ಆ ನರ ಹೋಗುವ ದಾರಿಯ ಚರ್ಮದಲ್ಲಿ ಗುಳ್ಳೆಯಾಗಿ ಹೊರಬರುತ್ತದೆ. ಸರ್ಪದ ಹೆಡೆ ಬಾಲ ಕೂಡಿದರೆ ಜೀವ ಹೋಗುತ್ತದೆ ಎಂಬ ಭಯ ಹಳ್ಳಿಗಳಲ್ಲಿ ಇನ್ನೂ ಇದೆ. ಆ ಭಯ ಬಿಡಿ. ಒಂದು ನರಗಂಟು ನೋಡಿಕೊಳ್ಳುವುದು ದೇಹದ ಒಂದು ಮಗ್ಗುಲನ್ನು ಮಾತ್ರ. ಅದಕ್ಕೇ ಗುಳ್ಳೆಗಳ ಸಾಲು ಸಾಮಾನ್ಯವಾಗಿ ಮೈಯ ನಡುಗೆರೆಯಲ್ಲಿ ನಿಂತುಬಿಡುತ್ತದೆ. ಕೆಮ್ಮಣ್ಣು ಹಚ್ಚಿಕೊಂಡು ಕಾಯುವುದರಲ್ಲಿ ದಿನ ಕಳೆಯಬೇಡಿ. ಅಸೈಕ್ಲೊವಿರ್ ಜಾತಿಯ ಮಾತ್ರೆ ಗುಳ್ಳೆ ಕಂಡ 72 ಗಂಟೆಯೊಳಗೆ ಶುರುವಾದರೆ ಗುಣ ಹೆಚ್ಚು. ಕಣ್ಣಿನ ಹತ್ತಿರ ಬಂದರಂತೂ ಅಂದೇ ಡಾಕ್ಟರನ್ನು ಕಾಣಬೇಕು. 50 ದಾಟಿದವರಿಗೆ ಎರಡು ಡೋಸಿನ ಲಸಿಕೆಯೂ ಖಾಸಗಿ ಆಸ್ಪತ್ರೆಗಳಲ್ಲಿ ಸಿಗುತ್ತದೆ, ಆದರೆ ಒಂದೊಂದು ಡೋಸಿಗೂ ಸಾವಿರಾರು ರೂಪಾಯಿ.

ಪ್ರತಿ ವರ್ಷ ಫ್ಲೂ ಲಸಿಕೆ ಏಕೆ ಎಂಬುದಕ್ಕೆ ಉತ್ತರವೂ ಬರಹದಲ್ಲೇ ಇದೆ. ಆರ್‌ಎನ್‌ಎ ನಕಲಾಗುವಾಗ ತಪ್ಪುಗಳು ಹೆಚ್ಚು, ಸಾಮಾನ್ಯವಾಗಿ ತಿದ್ದುವವರಿಲ್ಲ. ಹೊರಮೈ ಬದಲಾಗುತ್ತಲೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಕೂತು ಮುಂದಿನ ಲಸಿಕೆಯಲ್ಲಿ ಯಾವ ಫ್ಲೂ ಇರಬೇಕು ಎಂದು ಹೇಳುತ್ತದೆ. ಕೊರೊನಾಗಳಲ್ಲಿ ತಪ್ಪು ತಿದ್ದುವ ಕಿಣ್ವ ಒಂದಿದೆ. 30,000 ಅಕ್ಷರದಷ್ಟು ಉದ್ದದ ಆರ್‌ಎನ್‌ಎಯನ್ನು ಅವು ಕಾಪಾಡಿಕೊಂಡು ಬಂದದ್ದು ಅದರಿಂದ. ಆದರೂ ಅವೂ ಬದಲಾಗುತ್ತವೆ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಪರೀಕ್ಷೆ ಯಾವುದು, ಎಲ್ಲಿ, ಎಷ್ಟು?

ವೈರಸ್ ಪರೀಕ್ಷೆಗಳೆಲ್ಲ ಒಂದೇ ಅಲ್ಲ. ಕೆಲವು ಬರಹವನ್ನು ಹುಡುಕುತ್ತವೆ, ಇವು ಪಿಸಿಆರ್ ಜಾತಿಯವು. ಕೆಲವು ವೈರಸ್ಸಿನ ಪ್ರೋಟೀನನ್ನು ಹುಡುಕುತ್ತವೆ. ಇನ್ನು ಕೆಲವು ನಮ್ಮ ದೇಹ ತಯಾರಿಸಿದ ಪ್ರತಿಕಾಯವನ್ನು ಹುಡುಕುತ್ತವೆ. ಬರಹ ಹುಡುಕುವುದು ದುಬಾರಿ. ಆರ್‌ಎನ್‌ಎ ಬೇಗ ಒಡೆಯುವುದರಿಂದ ಸ್ಯಾಂಪಲ್ಲನ್ನು ತಣ್ಣಗೆ ಇಟ್ಟು ಬೇಗ ಲ್ಯಾಬಿಗೆ ಮುಟ್ಟಿಸಬೇಕು. ನಮ್ಮ ಬೆವರು, ಚರ್ಮದಲ್ಲೇ ಅದನ್ನು ಒಡೆಯುವ ಕಿಣ್ವಗಳಿವೆ.

ಡೆಂಗಿಗೆ ಸಾಮಾನ್ಯವಾಗಿ ಮಾಡುವುದು ಎನ್‌ಎಸ್1 ಪ್ರೋಟೀನ್ ಪರೀಕ್ಷೆ. ಜ್ವರದ ಮೊದಲ ದಿನಗಳಲ್ಲಿ ಇದು ಉಪಯೋಗ. ಐದಾರು ದಿನ ಕಳೆದ ಮೇಲೆ ಐಜಿಎಂ ಎಂಬ ಪ್ರತಿಕಾಯ ಪರೀಕ್ಷೆ ಹೆಚ್ಚು ನಂಬಿಕೆಯದು. ಖಾಸಗಿ ಲ್ಯಾಬುಗಳು ಬಾಯಿಗೆ ಬಂದ ದರ ಹೇಳದಂತೆ ರಾಜ್ಯ ಸರ್ಕಾರ 2024ರಲ್ಲಿ ಈ ಎರಡು ಪರೀಕ್ಷೆಗಳ ಎಲೈಸಾ ವಿಧಾನಕ್ಕೆ ತಲಾ 300 ರೂಪಾಯಿಯ ಮಿತಿ ಹಾಕಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದದ್ದು. ಉಣ್ಣಿ ಕಚ್ಚಿ ಬರುತ್ತದೆ. ಇದರ ಬರಹ ಸುಮಾರು 10,800 ಅಕ್ಷರದ ಒಂಟಿ ಆರ್‌ಎನ್‌ಎ. ಮೊದಲ ವಾರದ ರಕ್ತದಲ್ಲಿ ಆರ್‌ಟಿ-ಪಿಸಿಆರ್ ಮಾಡಿದರೆ ಸಿಗುತ್ತದೆ. ತಡವಾದರೆ ಆರ್‌ಎನ್‌ಎ ರಕ್ತದಿಂದ ಮಾಯವಾಗಿ ಪ್ರತಿಕಾಯ ಮಾತ್ರ ಉಳಿದಿರುತ್ತದೆ. ಕಾಡಿನಂಚಿನವರು, ಕಾಡಿಗೆ ಸೊಪ್ಪು ಸೌದೆಗೆ ಹೋಗಿ ಬಂದವರು ಜ್ವರ ಬಂದ ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದನ್ನು ಹೇಳಿ. ಸ್ಯಾಂಪಲ್ ಶಿವಮೊಗ್ಗದ ವೈರಸ್ ಪರೀಕ್ಷಾ ಲ್ಯಾಬಿನಂಥ ಕಡೆಗೆ ಅವರೇ ಕಳಿಸುತ್ತಾರೆ.

ಎಚ್‌ಐವಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಉಚಿತ. ನಿಮ್ಮ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ, ಫಲಿತಾಂಶ ಗುಟ್ಟಾಗಿಡಬೇಕು ಎಂದು 2017ರ ಕಾಯ್ದೆ ಹೇಳುತ್ತದೆ. ಎಚ್‌ಐವಿಗೆ ಕೊಡುವ ಎಆರ್‌ಟಿ ಮಾತ್ರೆ 2004ರಿಂದ ಉಚಿತ. ಸೋಂಕಿರುವ ತಾಯಿಯ ಮಗುವಿಗೆ ಮಾಮೂಲಿ ಪ್ರತಿಕಾಯ ಪರೀಕ್ಷೆ 18 ತಿಂಗಳವರೆಗೆ ನಂಬುವಂತಿಲ್ಲ, ತಾಯಿಯ ಪ್ರತಿಕಾಯಗಳೇ ಮಗುವಿನಲ್ಲಿ ಇರುತ್ತವೆ. ಹಾಗಾಗಿ ಆರನೆಯ ವಾರದಲ್ಲಿ ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು ವೈರಸ್ಸಿನ ಬರಹವನ್ನೇ ಹುಡುಕುತ್ತಾರೆ. ಅನುಮಾನಗಳಿದ್ದರೆ 1097ಕ್ಕೆ ಕರೆ ಮಾಡಿ ಕೇಳಬಹುದು.

ಹೆಪಟೈಟಿಸ್ ಬಿಗೆ ಮೊದಲ ಪರೀಕ್ಷೆ ಎಚ್‌ಬಿಎಸ್‌ಎಜಿ. ಅದು ವೈರಸ್ಸಿನ ಹೊರಮೈ ಪ್ರೋಟೀನಿನ ಪರೀಕ್ಷೆ, ಅಗ್ಗ. ಪಾಸಿಟಿವ್ ಬಂದರೆ ಮುಂದೆ ‘ಎಚ್‌ಬಿವಿ ಡಿಎನ್‌ಎ’. ಇದು ಹೊರಗೆ ಸಾವಿರಾರು ರೂಪಾಯಿ ಆಗುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಬಿ ಮತ್ತು ಸಿ ಎರಡರ ಪರೀಕ್ಷೆಯೂ ಮಾತ್ರೆಯೂ ಉಚಿತ. ದುಡ್ಡು ಕಟ್ಟುವ ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ಅಥವಾ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಈ ಕಾರ್ಯಕ್ರಮದ ಹೆಸರು ಹೇಳಿ ಕೇಳಿ. ಎಲ್ಲಿ ಹೋಗಬೇಕೆಂದು ತಿಳಿಯದಿದ್ದರೆ 104 ಆರೋಗ್ಯ ಸಹಾಯವಾಣಿ ಇದೆ.

ಹೆಪಟೈಟಿಸ್ ಬಿ ವೈರಸ್ ಒಳಗೆ ಬಂದು ಕೋಶದ ಕೇಂದ್ರ ಸೇರಿದ ಮೇಲೆ ಆ ಬಳೆಯನ್ನು ತೆಗೆಯುವ ಔಷಧಿ ಇವತ್ತಿಗೆ ಇಲ್ಲ. ಸೇರದಂತೆ ತಡೆಯುವ ಲಸಿಕೆ ಇದೆ. ದೊಡ್ಡವರಿಗೆ ಮೂರು ಡೋಸು: ಮೊದಲನೆಯದು, ಒಂದು ತಿಂಗಳ ನಂತರ, ಆರು ತಿಂಗಳ ನಂತರ. ಮಕ್ಕಳಿಗೆ ಸರ್ಕಾರದ ಲಸಿಕೆ ಪಟ್ಟಿಯಲ್ಲೇ ಉಚಿತವಾಗಿದೆ. ಹುಟ್ಟುವಾಗಲೇ ಸೋಂಕು ತಗಲಿದ ಮಕ್ಕಳಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿಗೆ ಅದು ಬದುಕಿಡೀ ಉಳಿಯುತ್ತದೆ. ದೊಡ್ಡ ವಯಸ್ಸಿನಲ್ಲಿ ತಗಲಿದವರಲ್ಲಿ ಹಾಗೆ ಉಳಿಯುವುದು ನೂರಕ್ಕೆ ಐದಕ್ಕಿಂತ ಕಡಿಮೆ ಮಂದಿಗೆ. ಆದ್ದರಿಂದ ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ ಎಚ್‌ಬಿಎಸ್‌ಎಜಿ ಪರೀಕ್ಷೆ ಆಗಿದೆಯೇ ಎಂದು ಇವತ್ತೇ ತಾಯಿ ಕಾರ್ಡ್ ತೆಗೆದು ನೋಡಿ. ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸು ಹಾಕಿಸಿದಿರಾ ಎಂದು ನರ್ಸನ್ನು ನೀವೇ ಕೇಳಿ.